ಚಾರ್ಟಿಗೆ ಟಿಕಳಿ ಅಂಟಿಸಿ ಕೆಟ್ಟೆ. ಮಕ್ಕಳ ಸ್ವಭಾವ ನೋಡಿ ಪಾಠ ಮಾಡೋದು ಅಂದ್ರೆ ಹೇಗೆ?

ಗಣಿತದ ಟೀಚರ್, ಗುಳೇದಗುಡ್ಡ ಕಡೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಗುಳೇದಗುಡ್ಡದ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹನ್ನೊಂದು ವರ್ಷ ಆಯ್ತು. ಈ ಸಲ ಎಂಟನೇ ತರಗತಿಗೆ 46 ಮಕ್ಕಳು ಬಂದಿದ್ದಾರೆ. ಸುತ್ತಲಿನ ನಾಲ್ಕು ಊರಿನ ಪ್ರಾಥಮಿಕ ಶಾಲೆ ಮುಗಿಸಿ ಬಂದವರು. ಅರ್ಧ ಮಕ್ಕಳ ಮನೆಯಲ್ಲಿ ಮಗ್ಗ ಇದೆ, ಖಣ ನೇಯುತ್ತಾರೆ. ಶಾಲೆ ಬಿಟ್ಟ ಮೇಲೆ ಮಗ್ಗದ ಕಂಡಿಕೆಗೆ ನೂಲು ಸುತ್ತುವ ಕೆಲಸ ಈ ಮಕ್ಕಳದೇ.

ಜೂನ್‌ನಲ್ಲಿ ಒಂದು ತರಬೇತಿಗೆ ಹೋಗಿದ್ದೆ. ಮಕ್ಕಳ ವ್ಯಕ್ತಿತ್ವದ ಬಗ್ಗೆ ಒಬ್ಬರು ಚೆನ್ನಾಗಿ ಮಾತಾಡಿದರು. ಒಂದೊಂದು ಮಗು ಒಂದೊಂದು ಥರ, ಒಂದೇ ಪಾಠ ಎಲ್ಲರಿಗೂ ಒಗ್ಗಲ್ಲ ಅಂತ. ಆ ಮಾತು ನನಗೆ ಆಗಲೂ ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಕೊನೆಗೆ ಇಪ್ಪತ್ತು ಪ್ರಶ್ನೆಯ ಒಂದು ಫಾರ್ಮ್ ಕೊಟ್ಟರು. ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ್ದು. ಮಕ್ಕಳಿಂದ ತುಂಬಿಸಿ, ನಾಲ್ಕು ಗುಂಪು ಮಾಡಿ, ಆಯಾ ಗುಂಪಿಗೆ ಆಯಾ ಥರ ಪಾಠ ಮಾಡಿ ಅಂದರು.

ಮೊದಲ ಪ್ರಶ್ನೆಯಲ್ಲೇ ಎಡವಿದೆವು. ‘ಪಾರ್ಟಿಯಲ್ಲಿ ಹೊಸಬರ ಜೊತೆ ಮಾತಾಡುತ್ತೀಯಾ?’ ಹಿಂದಿನ ಬೆಂಚಿನಿಂದ ಒಂದು ದನಿ: ‘ಯಾವ ಪಾರ್ಟಿ ರೀ?’ ಪಾರ್ಟಿ ಹೊಡೆದು ಹಾಕಿ ಬನಶಂಕರಿ ಜಾತ್ರೆ ಅಂತ ಬರೆಸಿದೆ. ಮುಂದೆ ಇನ್ನೊಂದು, ‘ಮನೆಯಲ್ಲಿ ಒಬ್ಬಳೇ ಇರುವುದು ಇಷ್ಟವೇ?’ ಒಬ್ಬ ಹುಡುಗಿ ಎದ್ದು ಕೇಳಿದಳು, ‘ಒಬ್ಬಾಕಿನ ಅಂದ್ರ ಹೆಂಗ್ರೀ ಟೀಚರ್? ನಮ್ಮ ಮನ್ಯಾಗ ಒಂಬತ್ತ ಮಂದಿ ಅದೀವಿ.’ ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಸಂತೆಯಲ್ಲಿ ಹಣೆಗೆ ಅಂಟಿಸುವ ನಾಲ್ಕು ಬಣ್ಣದ ಟಿಕಳಿ ಪಾಕೀಟು ತಂದೆ. ಚಾರ್ಟಿನ ಮೇಲೆ 46 ಹೆಸರು ಬರೆದು, ಹೆಸರಿನ ಮುಂದೆ ಒಂದೊಂದು ಟಿಕಳಿ. ಕೆಂಪು ಅಂದ್ರೆ ಮಾತುಗಾರರು. ಹಳದಿ ಅಂದ್ರೆ ಮೌನಿಗಳು. ಹಸಿರು ಕೈಯಿಂದ ಮಾಡಿ ಕಲಿಯುವವರು. ನೀಲಿ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು. ಚಾರ್ಟ್ ನೋಡಲು ಬಹಳ ಚಂದ ಇತ್ತು, ಅದೊಂದು ಹೇಳಲೇಬೇಕು. ಹೆಡ್‌ಮಾಸ್ಟರ್ ಫೋಟೊ ಹೊಡೆದು ಗ್ರೂಪಿಗೆ ಹಾಕಿದರು.

ಎರಡು ವಾರ ಎಲ್ಲ ಸರಿ ಇತ್ತು. ಮೂರನೇ ವಾರ ಒಬ್ಬ ಹುಡುಗಿಯನ್ನು ಬೋರ್ಡಿಗೆ ಕರೆದೆ. ಎದ್ದೇಳಲಿಲ್ಲ. ಕೂತಲ್ಲೇ, ‘ನಾ ಹಳದಿ ಅದೀನ್ರೀ’ ಅಂದಳು. ಅದಕ್ಕೂ ಮುಂಚೆ ಆಕೆ ಎರಡು ಸಲ ಬೋರ್ಡಿಗೆ ಬಂದಿದ್ದಳು. ಹೆದರಿಕೊಂಡೇ ಬಂದಿದ್ದಳು, ಆದರೆ ಬಂದಿದ್ದಳು. ಕೆಂಪಿನವರ ಕಥೆ ಬೇರೆ. ಸುಮ್ನಿರ್ರೋ ಅಂದರೆ, ‘ನಾವು ಕೆಂಪ್ರೀ ಟೀಚರ್, ಮಾತಾಡಾವ್ರ’ ಅಂತ ನನಗೇ ತಿರುಗಿ ಹೇಳುತ್ತಾರೆ.

ಆಮೇಲೆ ಪಾಲಕರ ಸಭೆ. ಆ ಹುಡುಗಿಯ ತಾಯಿ ಕೊನೆಯವರೆಗೂ ಕಾದು, ಎಲ್ಲರೂ ಹೋದ ಮೇಲೆ ಹತ್ತಿರ ಬಂದು ಕೇಳಿದರು: ‘ಟೀಚರ್ ರೀ, ಹಳದಿ ಅಂದ್ರ ದಡ್ಡರೇನ್ರೀ?’

ಏನೋ ಸಮಾಧಾನ ಹೇಳಿ ಕಳಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಕಡೆ ನೋಡಿ. ಸಮೀಕರಣದ ಪಾಠ ನಡೀತಿತ್ತು. ಒಂದು ಸಂಖ್ಯೆಯ ಮೂರರಷ್ಟಕ್ಕೆ 7 ಕೂಡಿಸಿದರೆ 40, ಸಂಖ್ಯೆ ಯಾವುದು? 7ನ್ನು ಆ ಕಡೆ ಒಯ್ಯುವಾಗ ಕಳೆಯಬೇಕು. ಅರ್ಧ ಕ್ಲಾಸು ಕೂಡಿಸಿ 47 ಅಂತ ಬರೆದು ಕೂತಿತ್ತು. ಪಕ್ಷಾಂತರ ಮಾಡಿದಾಗ ಚಿಹ್ನೆ ಬದಲಾಗುತ್ತದೆ ಅಂತ ನಾಲ್ಕನೇ ಸಲ ಹೇಳುತ್ತಿದ್ದೆ. ಕೆಂಪು ಟಿಕಳಿಯ ಒಬ್ಬ ಕೈ ಕೂಡ ಎತ್ತದೆ ಕೂಗಿದ: ‘ಪಕ್ಷ ಬಿಟ್ಟ ಮ್ಯಾಲ ಚಿಹ್ನೆ ಬದಲಾಗೂದ ಅಲ್ರೀ ಟೀಚರ್, ಎಲೆಕ್ಷನ್‌ದಾಗ ಹಂಗ ಅಲ್ಲೇನ್ರೀ?’ ಇಡೀ ಕ್ಲಾಸು ನಕ್ಕಿತು. ಹಳದಿಯವರು ಎಲ್ಲರಿಗಿಂತ ಜಾಸ್ತಿ ನಕ್ಕರು. ಮರುದಿನ 47 ಬರೆದವರು ಮೂರೇ ಜನ. ಇದು ಯಾವ ಬಣ್ಣದ ಪಾಠ ಅಂತ ನನಗೆ ತಿಳಿಯಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಸ್ವಭಾವ ನೋಡದೆ ಎಲ್ಲರಿಗೂ ಒಂದೇ ಥರ ಹೇಳುತ್ತಾ ಹೋದರೆ ಮುಂದಿನ ಎರಡು ಬೆಂಚಿಗೆ ಮಾತ್ರ ಪಾಠ. ನೋಡಿ ಗುಂಪು ಮಾಡಿದರೆ ಹೀಗಾಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ? ಒಂದು ಪಿರಿಯಡ್‌ನಲ್ಲಿ ಆಗುವಂಥದ್ದು ಹೇಳಿ. ಪುಸ್ತಕದ ಮಾತು ಬೇಡ, ಅದು ತರಬೇತಿಯಲ್ಲಿ ಸಾಕಷ್ಟು ಸಿಕ್ಕಿದೆ.

ಅಥಣಿಯ ಮಾಸ್ತರ

ಮೇಡಂ, ಸಿಟ್ಟಾಗಬೇಡಿ. 46 ಮಕ್ಕಳಿಗೆ 46 ಸ್ವಭಾವ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ತುಂಬಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು. ಇದರ ನಡುವೆ ಟಿಕಳಿ ಬೇರೆ. ನಮ್ಮಲ್ಲಿ ಕಬ್ಬಿನ ಸೀಸನ್ ಶುರುವಾದರೆ ಕ್ಲಾಸಿನಲ್ಲಿ ಮಕ್ಕಳೇ ಇರಲ್ಲ, ಸ್ವಭಾವ ಎಲ್ಲಿಂದ ನೋಡೋದು? ಪೋರ್ಷನ್ ಮುಗಿಸಿ, ಎರಡು ಸಲ ರಿವಿಜನ್ ಮಾಡಿಸಿ. ಹತ್ತನೇ ತರಗತಿ ಪೇಪರು ಮೌನಿಗೂ ಮಾತುಗಾರನಿಗೂ ಒಂದೇ ಬರುತ್ತದೆ.

ಆ ಪಕ್ಷಾಂತರದ ಮಾತು ಮಾತ್ರ ನಾನು ನಾಳೆಯೇ ಬಳಸುತ್ತೇನೆ.

ಬಿ.ಎಡ್. ಕಾಲೇಜಿನವರು, ವಿಜಯಪುರ

ಪುಸ್ತಕದ ಮಾತು ಬೇಡ ಅಂದಿದ್ದೀರಿ. ಆದರೂ ಸ್ವಲ್ಪ ಹೇಳಬೇಕು, ಯಾಕಂದ್ರೆ ನಿಮ್ಮ ತಪ್ಪಿನಲ್ಲಿ ನಮ್ಮಂಥವರ ಪಾಲೂ ಇದೆ. ಮನೋವಿಜ್ಞಾನದ ಪೇಪರಿನಲ್ಲಿ ಇಂಥ ವಿಂಗಡಣೆಯನ್ನೆಲ್ಲ ನಾನೇ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಹತ್ತು ಅಂಕದ ಪ್ರಶ್ನೆಗೆ ಚೆನ್ನಾಗಿರುತ್ತದೆ.

ನಿಮಗೆ ಸಿಕ್ಕ ಫಾರ್ಮಿನ ಮೂಲ ಎಲ್ಲಿಯದು ಅಂತ ಊಹಿಸಬಹುದು. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತನ್ನು ಚಾಲ್ತಿಗೆ ತಂದವರು ಕಾರ್ಲ್ ಯೂಂಗ್. ಅವರ ಪುಸ್ತಕ ಬಂದದ್ದು 1921ರಲ್ಲಿ. ಅದನ್ನು ಓದಿ ಅಮೆರಿಕದ ತಾಯಿ ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, 16 ಬಗೆಯ ವ್ಯಕ್ತಿತ್ವದ ಪ್ರಶ್ನಾವಳಿ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತು ಅದು. ಮೊದಲ ಸಲ ಕೆಲಸಕ್ಕೆ ಬರುವ ಹೆಂಗಸರಿಗೆ ಯಾವ ಕೆಲಸ ಹೊಂದುತ್ತದೆ ಅಂತ ನೋಡುವುದು ಉದ್ದೇಶ. ಹದಿಮೂರು ವರ್ಷದ ಮಗುವಿಗೆ ಭಿನ್ನರಾಶಿ ಹೇಗೆ ಕಲಿಸಬೇಕು ಅನ್ನೋದಕ್ಕೆ ಅಲ್ಲ. ಜೊತೆಗೆ, ಕೆಲವು ವಾರ ಬಿಟ್ಟು ಅದೇ ವ್ಯಕ್ತಿ ಅದನ್ನೇ ಮತ್ತೆ ತುಂಬಿದರೆ ಬೇರೆ ಗುಂಪಿಗೆ ಬೀಳುವುದು ಬಹಳ ಸಾಮಾನ್ಯ. ಸ್ವಭಾವ ಅನ್ನುವುದು ಎತ್ತರ ಇದ್ದ ಹಾಗೆ. ಬಹಳ ಜನ ನಡುವೆ ಇರುತ್ತಾರೆ. ನಡುವೆ ಒಂದು ಗೆರೆ ಎಳೆದು ಇತ್ತ ಕುಳ್ಳರು, ಅತ್ತ ಉದ್ದದವರು ಅಂದರೆ ಗೆರೆಯ ಹತ್ತಿರ ನಿಂತವರ ಗತಿ ಏನು?

ಹಸಿರು ಟಿಕಳಿಯ ಬಗ್ಗೆಯೂ ಒಂದು ಮಾತು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಅಂತ ಮಕ್ಕಳನ್ನು ಬೇರೆ ಮಾಡಿ, ಆಯಾ ಥರ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಅನ್ನೋದು ನಂಬಿಕೆ. 2008ರಲ್ಲಿ ಅಮೆರಿಕದ ನಾಲ್ವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಸಂಶೋಧನೆಗಳನ್ನು ತೆಗೆದು ನೋಡಿದರು. ಅದಕ್ಕೆ ತಕ್ಕ ಆಧಾರ ಸಿಗಲಿಲ್ಲ ಅಂತ ಬರೆದರು. ಮಕ್ಕಳಿಗೆ ಇಷ್ಟ ಬೇರೆ ಬೇರೆ ಇರುತ್ತದೆ, ನಿಜ. ಆದರೆ ಕೋನ ಅಳೆಯುವುದನ್ನು ಎಲ್ಲರೂ ಕೋನಮಾಪಕ ಹಿಡಿದೇ ಕಲಿಯಬೇಕಲ್ವಾ?

ಕ್ಲಾಸಿಗೆ ಬೇಕಾದದ್ದು ಎರಡು ಹೇಳುತ್ತೇನೆ. ಮೇರಿ ಬಡ್ ರೋ ಅಂತ ಒಬ್ಬ ಅಮೆರಿಕನ್ ಸಂಶೋಧಕಿ ಕ್ಲಾಸುಗಳ ರೆಕಾರ್ಡಿಂಗ್ ಕೇಳುತ್ತಾ ಕೂತಿದ್ದರು. 1970ರ ದಶಕದ ಮಾತು. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್. ಒಂದೇ! ಅದನ್ನು 3 ಸೆಕೆಂಡ್ ಅಥವಾ ಜಾಸ್ತಿ ಮಾಡಿದಾಗ ಉತ್ತರ ಉದ್ದವಾಯಿತು, ಸುಮ್ಮನೆ ಕೂರುವವರು ಕಡಿಮೆಯಾದರು, ಹಿಂದುಳಿದವರು ಅನ್ನಿಸಿಕೊಂಡ ಮಕ್ಕಳೂ ಬಾಯಿ ಬಿಟ್ಟರು. ಎರಡನೆಯದು, 1981ರಲ್ಲಿ ಫ್ರ್ಯಾಂಕ್ ಲೈಮನ್ ಹೇಳಿದ ಕ್ರಮ. ಮೊದಲು ಒಬ್ಬೊಬ್ಬರೇ ಯೋಚಿಸುವುದು, ಆಮೇಲೆ ಪಕ್ಕದವರ ಜೊತೆ ಮಾತಾಡುವುದು, ಆಮೇಲೆ ಇಡೀ ಕ್ಲಾಸಿಗೆ ಹೇಳುವುದು. ಇದರಲ್ಲಿ ಮೌನಿಗೂ ಜಾಗ ಇದೆ, ಮಾತುಗಾರನಿಗೂ ಜಾಗ ಇದೆ. ಯಾರು ಯಾವ ಬಣ್ಣ ಅಂತ ಕೇಳುವ ಕೆಲಸ ಇಲ್ಲ.

ತಾಂಡಾ ಶಾಲೆ ಸರ್, ಸಿಂದಗಿ ತಾಲ್ಲೂಕು

ನಾನು ನಲಿಕಲಿ ಮಾಸ್ತರ, ಅಂದ್ರೆ ಸಣ್ಣ ಮಕ್ಕಳಿಗೆ ಕಾರ್ಡು, ಚಟುವಟಿಕೆಯಿಂದ ಕಲಿಸುವವನು. ಒಂದರಿಂದ ಮೂರನೇ ತರಗತಿ, ಒಂದೇ ಕೋಣೆ. ಹೈಸ್ಕೂಲಿನವರು ನಮ್ಮನ್ನು ಆಟ ಆಡಿಸುವವರು ಅಂದುಕೊಂಡಿದ್ದಾರೆ, ಇರಲಿ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ನಮ್ಮಲ್ಲೂ ಗುಂಪು ಇದೆ. ಐದು ತಟ್ಟೆ, ಅಂದ್ರೆ ಮಕ್ಕಳು ಕೂರುವ ಐದು ಗುಂಪು. ಒಂದನೇ ತಟ್ಟೆಯವರಿಗೆ ನಾನೇ ಪೂರ್ತಿ ಹೇಳಿಕೊಡಬೇಕು, ಐದನೆಯವರು ತಾವೇ ಕಲಿಯುತ್ತಾರೆ. ಆದರೆ ತಟ್ಟೆ ಗೊತ್ತು ಮಾಡುವುದು ಕಲಿಕಾ ಕಾರ್ಡು, ಮಗು ಅಲ್ಲ. ಬೆಳಿಗ್ಗೆ ಕನ್ನಡದಲ್ಲಿ ಐದನೇ ತಟ್ಟೆಯಲ್ಲಿ ಕೂತವನು ಮಧ್ಯಾಹ್ನ ಗಣಿತದಲ್ಲಿ ಒಂದನೇ ತಟ್ಟೆಗೆ ಬರುತ್ತಾನೆ. ಕಾರ್ಡು ಮುಗಿದರೆ ಎದ್ದು ಹೋಗುತ್ತಾನೆ. ಹಾಗಾಗಿ ನಾನು ಒಂದನೇ ತಟ್ಟೆಯವನು ಅಂತ ಯಾವ ಮಗುವೂ ಮನೆಗೆ ಹೋಗಿ ಹೇಳಲ್ಲ. ನಿಮ್ಮ ಟಿಕಳಿ ಏಳಲ್ಲ, ಅದೇ ತೊಂದರೆ.

ಇನ್ನೊಂದು. ಸುಮ್ಮನೆ ಕೂತವರೆಲ್ಲ ಸ್ವಭಾವದಿಂದ ಮೌನಿಗಳಲ್ಲ. ನನ್ನಲ್ಲಿ ಒಬ್ಬ ಹುಡುಗ ಆರು ತಿಂಗಳು ತುಟಿ ಬಿಚ್ಚಲಿಲ್ಲ. ಬಹಳ ನಾಚಿಕೆ ಹುಡುಗ ಅಂತ ನಾನೇ ಎಲ್ಲರ ಮುಂದೆ ಹೇಳುತ್ತಿದ್ದೆ. ಒಂದು ದಿನ ಅವನು ಕಟ್ಟೆಯ ಮೇಲೆ ಕೂತು ಅಜ್ಜಿಯ ಜೊತೆ ಲಂಬಾಣಿಯಲ್ಲಿ ಜಗಳ ಆಡುವುದನ್ನು ನೋಡಿದೆ. ಅಜ್ಜಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ! ಅವನಿಗೆ ಬರದೇ ಇದ್ದದ್ದು ಕನ್ನಡ, ಮಾತಲ್ಲ. ತಂದೆ ತಾಯಿ ದುಡಿಯಲು ಗೋವಾಕ್ಕೆ ಹೋಗಿ ಬರುತ್ತಿದ್ದರು, ಅವನೂ ಜೊತೆಗೆ. ನಾನು ಲಂಬಾಣಿಯ ಹತ್ತು ಮಾತು ಕಲಿತೆ. ನನ್ನ ಉಚ್ಚಾರಣೆ ಕೇಳಿ ಅವನು ನಗಲು ಶುರು ಮಾಡಿದ, ಅಲ್ಲಿಂದ ದಾರಿಗೆ ಬಂದ. ಬೆಳಗಾವಿ ಗಡಿ ಕಡೆ ಮರಾಠಿ ಮನೆಯ ಮಕ್ಕಳದೂ ಇದೇ ಕಥೆ ಇರಬೇಕು, ಅಥಣಿ ಸರ್ ಹೇಳಬೇಕು.

ನಿಮ್ಮ ಮಕ್ಕಳು ಜೂನ್‌ನಲ್ಲಿ ಹೊಸ ಶಾಲೆಗೆ ಬಂದವರು. ಆಗ ತುಂಬಿಸಿದ ಫಾರ್ಮು ಅದು. ಹೊಸ ಮನೆಗೆ ಬಂದ ಬೆಕ್ಕು ಮಂಚದ ಕೆಳಗೆ ಕೂರುತ್ತದೆ. ಮಂಚದ ಕೆಳಗಿನ ಪ್ರಾಣಿ ಅಂತ ಹೆಸರಿಡಕ್ಕಾಗುತ್ತಾ? ಒಂದು ಸಲ ಆ ಹುಡುಗಿಯ ಮನೆಗೆ ಹೋಗಿ ಬನ್ನಿ.

ಝೆರಾಕ್ಸ್ ಅಂಗಡಿ, ಇಳಕಲ್

ನಾನು ಟೀಚರ್ ಅಲ್ಲ. ಈ ಪುಟ ಯಾರೋ ಕಳಿಸಿದರು, ಓದಿ ಸುಮ್ನಿರಕ್ಕಾಗಲಿಲ್ಲ.

ನಾನೇ ಆ ಹಳದಿ ಹುಡುಗಿ. ಇಪ್ಪತ್ತು ವರ್ಷದ ಹಿಂದೆ. ನನ್ನನ್ನು ಸರಿ ಮಾಡಬೇಕು ಅಂತ ಒಬ್ಬ ಟೀಚರ್ ಪ್ರತಿ ಶನಿವಾರ ಪ್ರಾರ್ಥನೆಯಲ್ಲಿ ಸುದ್ದಿ ಓದಲು ನಿಲ್ಲಿಸುತ್ತಿದ್ದರು. ಧೈರ್ಯ ಬರಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಅದು ಗೊತ್ತು. ಆದರೆ ನನಗೆ ಶುಕ್ರವಾರ ಸಂಜೆಯಿಂದಲೇ ಹೊಟ್ಟೆನೋವು. ಆ ವರ್ಷ ನಾನು ಶನಿವಾರ ಶಾಲೆಗೆ ಹೋದದ್ದು ಕಡಿಮೆ.

ಸಮಾಜ ಕಲಿಸುವ ಸರ್ ಬೇರೆ ಥರ. ನೋಟ್‌ಬುಕ್ ತಿದ್ದುವಾಗ ಅಂಚಿನಲ್ಲಿ ಕೆಂಪು ಪೆನ್ನಿಂದ ಒಂದು ಪ್ರಶ್ನೆ ಬರೆಯುತ್ತಿದ್ದರು. ‘ಬಾದಾಮಿ ಗುಹೆ ಕಟ್ಟಿದ್ದೋ ಕೊರೆದದ್ದೋ?’ ನಾನು ಅದರ ಕೆಳಗೇ ಉತ್ತರ ಬರೆಯುತ್ತಿದ್ದೆ. ಮುಂದಿನ ವಾರ ಅವರು ಅದಕ್ಕೊಂದು ಪ್ರಶ್ನೆ. ವರ್ಷವೆಲ್ಲ ಹೀಗೆ ನಡೆಯಿತು. ಕ್ಲಾಸಿನಲ್ಲಿ ಒಂದು ದಿನವೂ ನನ್ನನ್ನು ಎಬ್ಬಿಸಲಿಲ್ಲ. ಮಾರ್ಚ್ ಹೊತ್ತಿಗೆ ನಾನೇ ಎದ್ದು ಒಂದು ಪ್ರಶ್ನೆ ಕೇಳಿದೆ, ಅವರು ಆಶ್ಚರ್ಯ ತೋರಿಸದೆ ಉತ್ತರ ಕೊಟ್ಟರು. ಅಯ್ಯೋ ಮಾತಾಡಿದಳು ನೋಡ್ರೋ ಅಂದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಈಗ ಅಂಗಡಿಯಲ್ಲಿ ದಿನಕ್ಕೆ ನೂರು ಗಿರಾಕಿ ಮಾತಾಡಿಸುತ್ತೇನೆ. ಮನೆಗೆ ಹೋದ ಮೇಲೆ ಒಂದು ತಾಸು ಯಾರೂ ಮಾತಾಡಿಸಬಾರದು. ಇದಕ್ಕೆ ಯಾವ ಬಣ್ಣ?

ಅಥಣಿಯ ಮಾಸ್ತರ

ಸಿಂದಗಿ ಸರ್ ಹೇಳಿದ್ದು ನಿಜ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅಂಥ ಮಕ್ಕಳು ಲೆಕ್ಕ ಬೇಗ ಮಾಡುತ್ತಾರೆ, ಆದರೆ ಹೇಗೆ ಮಾಡಿದೆ ಅಂತ ಕೇಳಿದರೆ ನೆಲ ನೋಡುತ್ತಾರೆ. ನಾನು ಅದನ್ನು ಹಠ ಅಂದುಕೊಂಡು ಒಂದಿಬ್ಬರಿಗೆ ಬೈದಿದ್ದೂ ಇದೆ. ಆದರೂ ಪೋರ್ಷನ್ ವಿಷಯದಲ್ಲಿ ನನ್ನ ಮಾತು ಬದಲಿಲ್ಲ.

ಗಣಿತದ ಟೀಚರ್, ಗುಳೇದಗುಡ್ಡ ಕಡೆ

ಒಂದು ತಿಂಗಳು ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಚಾರ್ಟ್ ತೆಗೆದೆ. ಯಾಕೆ ತೆಗೆದ್ರಿ ಅಂತ ಕೇಳಿದರು. ನಾನು ಹಾಕಿದ್ದು ತಪ್ಪಾಗಿತ್ತು ಅಂತ ಹೇಳಿದೆ. ಟೀಚರ್ ತಪ್ಪು ಒಪ್ಪಿಕೊಂಡದ್ದು ಅವರಿಗೆ ಭಾರಿ ಖುಷಿ. ಯಾರೋ ಒಂದು ಕೆಂಪು ಟಿಕಳಿಯನ್ನು ಡಸ್ಟರಿಗೆ ಅಂಟಿಸಿದ್ದಾರೆ, ಇನ್ನೂ ಅಲ್ಲೇ ಇದೆ.

ಈಗ ಇಬ್ಬಿಬ್ಬರಿಗೆ ಒಂದು ಪಾಟಿ (ಸ್ಲೇಟು). ತಮ್ಮ, ತಂಗಿಯರ ಪಾಟಿ ತಂದರು, 23 ಸಾಕಾಯಿತು. ಲೆಕ್ಕ ಕೊಟ್ಟು ಮನಸ್ಸಿನಲ್ಲೇ ಮೂರು ಸಲ ಮಗ್ಗದ ಲಾಳಿ ಅತ್ತಿಂದಿತ್ತ ಓಡಿಸುತ್ತೇನೆ. ಅಲ್ಲಿಯವರೆಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಈ ಮೂರು ಸೆಕೆಂಡ್ ಎಷ್ಟು ಉದ್ದ ಇರುತ್ತದೆ ಅಂದರೆ, ಮೊದಲ ದಿನ ನಾನೇ ತಡೆಯಲಾರದೆ ಉತ್ತರ ಹೇಳಿಬಿಟ್ಟೆ. ಆಮೇಲೆ ಜೋಡಿಯಲ್ಲಿ ಮಾತಾಡಿ, ಬರೆದು, ಎಲ್ಲರೂ ಒಟ್ಟಿಗೆ ಪಾಟಿ ಎತ್ತಬೇಕು. ಯಾರು 47 ಬರೆದಿದ್ದಾರೆ ಅಂತ ನನಗೆ ಒಂದೇ ನೋಟಕ್ಕೆ ಕಾಣುತ್ತದೆ.

ಮೊದಲ ವಾರ ಇದೂ ಕೆಟ್ಟಿತು. ಮಾತುಗಾರರೇ ಬಳಪ ಹಿಡಿದು, ತಾವೇ ಹೇಳಿ ತಾವೇ ಬರೆದರು. ಪಕ್ಕದವರು ಕಿಟಕಿ ನೋಡುತ್ತಾ ಕೂತರು. ಆಗ ಒಂದು ನಿಯಮ ಮಾಡಿದೆ. ಬಳಪ ಹಿಡಿದವರು ಮಾತಾಡಬಾರದು, ಮಾತಾಡುವವರು ಬಳಪ ಮುಟ್ಟಬಾರದು. ಒಂದು ಲೆಕ್ಕಕ್ಕೆ ಒಂದು ಸಲ ಅದಲು ಬದಲು. ಆ ಪಕ್ಷಾಂತರದ ಹುಡುಗ ಬಾಯಿ ಮುಚ್ಚಿಕೊಂಡು ಪಕ್ಕದವನು ಹೇಳಿದ್ದನ್ನೇ ಬರೆಯುವಾಗ ಅವನ ಮುಖ ನೋಡಬೇಕು ನೀವು. ತಪ್ಪು ಹೇಳುತ್ತಿದ್ದಾನೆ ಅಂತ ಗೊತ್ತು, ಹೇಳುವ ಹಾಗಿಲ್ಲ. ಪಾಟಿ ಮೂರು ಒಡೆದಿವೆ, ಗದ್ದಲವೂ ಕಡಿಮೆ ಆಗಿಲ್ಲ. ಪೋರ್ಷನ್ ಒಂದು ಪಾಠ ಹಿಂದೆ ಇದೆ, ಅಥಣಿ ಸರ್ ಖುಷಿ ಪಡಬಹುದು.

ಹೋದ ವಾರ ಆ ಹುಡುಗಿಯ ಮನೆಗೆ ಹೋಗಿದ್ದೆ. ಹೊರಗಿನಿಂದಲೇ ಮಗ್ಗದ ಸದ್ದು. ತಾಯಿ ಮಗ್ಗದ ಕುಣಿಯೊಳಗೆ ಕಾಲು ಬಿಟ್ಟು ನೇಯುತ್ತಿದ್ದರು. ಬಾಗಿಲಲ್ಲಿ ಒಬ್ಬರು ಚೀಲ ಹಿಡಿದು ನಿಂತಿದ್ದರು. ಸಾವಕಾರರ ಕಡೆಯವರು, ಖಣ ಒಯ್ಯಲು ಬಂದವರು. ಮೂವತ್ತೆಂಟು ಅಂತ ಬರೆದುಕೊಳ್ಳುತ್ತಿದ್ದರು. ಒಳಗಿನಿಂದ ದನಿ ಬಂತು, ಇಡೀ ಓಣಿಗೆ ಕೇಳುವಂಥದ್ದು: ‘ನಲವತ್ತ ಅದಾವ್ರಿ ಕಾಕಾ. ನಾ ಎಣಿಸೇನಿ. ಬೇಕಾದ್ರ ಮತ್ತ ಎಣಸ್ರಿ.’ ಅವರು ಎಣಿಸಿದರು. ನಲವತ್ತೇ ಇದ್ದವು. ಕೈಯಲ್ಲಿ ಕಂಡಿಕೆ ಹಿಡಿದು ಹೊರಗೆ ಬಂದವಳು ನನ್ನನ್ನು ನೋಡಿ ಗಪ್ಪಾದಳು.

‘ಹಳದಿ ತಗದ್ರೇನ್ರೀ ಟೀಚರ್?’ ಅಂತ ತಾಯಿ ಕೇಳಿದರು. ತೆಗೆದಿದ್ದೇನೆ ಅಂದೆ. ಚಹಾ ಕುಡಿದು ಬಂದೆ.

ಮರುದಿನ ಕ್ಲಾಸಿನಲ್ಲಿ ಆಕೆ ಕೈ ಎತ್ತಲಿಲ್ಲ, ನಾನೂ ಎಬ್ಬಿಸಲಿಲ್ಲ. ಇಳಕಲ್ಲಿನ ಅಕ್ಕಾರ ಮಾತು ನೆನಪಿತ್ತು. ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಪೆನ್ನಿಂದ ಬರೆದಿದ್ದೇನೆ: ‘ಆ ಕಾಕಾ ಎಷ್ಟು ಖಣ ಕಡಿಮೆ ಬರೆದಿದ್ದರು? ಒಂದು ಸಮೀಕರಣ ಮಾಡಿ ತೋರಿಸು.’ ನೋಟ್‌ಬುಕ್ ಶನಿವಾರ ವಾಪಸ್ ಬರಬೇಕು.